ತೂತು, ತಿರುಪು, ತುಕ್ಕು

ಸರಕಾರಿ ಕಚೇರಿಯಲ್ಲಿ ಹತ್ತು ವರ್ಷ ಕಡತ ತಿರುವಿದವನಿಗೆ ತುಕ್ಕಿನ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಹಳೆಯ ಕಡತವೊಂದನ್ನು ಬಿಚ್ಚಿ ನೋಡಿ: ಅರ್ಜಿಗೂ ಅದರ ಲಗತ್ತಿಗೂ ಯಾರೋ ಪುಣ್ಯಾತ್ಮರು ಚುಚ್ಚಿಟ್ಟ ಗುಂಡುಸೂಜಿ ಕಾಗದದ ಮೇಲೆ ತನ್ನ ಅಚ್ಚನ್ನು ಕಂದುಬಣ್ಣದಲ್ಲಿ ಒತ್ತಿರುತ್ತದೆ. ಎಳೆಯಹೋದರೆ ಅರ್ಧ ಸೂಜಿ ಕೈಗೆ ಬರುತ್ತದೆ, ಇನ್ನರ್ಧ ಕಾಗದದಲ್ಲೇ ಉಳಿಯುತ್ತದೆ. ಸುತ್ತಣ ಕಾಗದ ಹಪ್ಪಳದಂತೆ ಪುಡಿಯಾಗುತ್ತದೆ. ಎರಡು ಹಾಳೆಗಳನ್ನು ಕೂಡಿಸಲೆಂದು ಬಂದದ್ದು ಎರಡನ್ನೂ ತಿಂದು ಹೋಗುವ ಈ ವಿಚಿತ್ರವನ್ನು ನಾವು ದಿನವೂ ನೋಡುತ್ತಿದ್ದೆವು. ಆದರೆ ಅದು ಮೇಜಿನಿಂದ ಇಳಿದು ನಮ್ಮ ಕುಟುಂಬದ ಅನ್ನದ ತಟ್ಟೆಗೇ ಕೈಹಾಕೀತೆಂದು ಎಣಿಸಿರಲಿಲ್ಲ.

ಕಳೆದ ಸಂಚಿಕೆಯಲ್ಲಿ ಮಳೆಗಾಲದಲ್ಲಿ ಗೋಡೆ ಒಸರುವ ವಿಷಯವಾಗಿ ಬರೆದಿದ್ದೆವಷ್ಟೆ. ಅದನ್ನೋದಿದ ನಮ್ಮ ಭಾವಮೈದುನ, "ಭಾವ, ಗೋಡೆಯ ಕಥೆಯನ್ನು ಊರಿಗೆಲ್ಲ ಹೇಳಿದಿರಿ. ನನ್ನ ಗಾಡಿಯ ಕಥೆ ಮಾತ್ರ ಬರೆಯುವುದಿಲ್ಲ. ಅದರಲ್ಲಿ ನಿಮ್ಮ ಪಾತ್ರವೂ ಉಂಟಲ್ಲ, ಅದಕ್ಕೋ?" ಎಂದು ಕುಟುಕಿದ. ಮಾತು ನಿಜವೇ. ಅದಕ್ಕಾಗಿಯೇ ಇಷ್ಟು ದಿನ ಬರೆಯಲಿಲ್ಲ. ಈಗ ಅವನೇ ಕೇಳಿದ ಮೇಲೆ ಬಚ್ಚಿಡುವುದು ಸರಿಯಲ್ಲ.

ಅವನದೊಂದು ಪಿಕಪ್ ಗಾಡಿ. ಮುಂದೆ ಇಬ್ಬರು ಕೂರುವ ಕ್ಯಾಬಿನ್ನು, ಹಿಂದೆ ಸರಕು ತುಂಬುವ ತೆರೆದ ತೊಟ್ಟಿ. ರಾತ್ರಿ ಎರಡು ಗಂಟೆಗೆ ಎದ್ದು ತುರ್ಭೆಯ ಸಗಟು ಮಾರುಕಟ್ಟೆಗೆ ಹೋಗಿ, ಕೊತ್ತಂಬರಿಯಿಂದ ಕುಂಬಳಕಾಯಿಯವರೆಗೆ ತುಂಬಿಕೊಂಡು, ಬೆಳಗಾಗುವ ಮುನ್ನ ಚೆಂಬೂರು, ಮಾಟುಂಗಾ, ದಾದರಿನ ಹೋಟೆಲುಗಳಿಗೆ ಮುಟ್ಟಿಸುತ್ತಾನೆ. ಆ ಕಡೆಯ ವಾಚಕರು ಬೆಳಗಿನ ಇಡ್ಲಿಯೊಂದಿಗೆ ಸವಿಯುವ ಸಾಂಬಾರಿನ ನುಗ್ಗೆಕಾಯಿ ಅವನ ಗಾಡಿಯಲ್ಲೇ ಬಂದಿರಲೂಬಹುದು. ಮಧ್ಯಾಹ್ನ ಬಿಡುವಿದ್ದರೆ ಬೇರೆ ಬಾಡಿಗೆ. ಒಮ್ಮೊಮ್ಮೆ ಮಂಜುಗಡ್ಡೆಯೊಳಗಿಟ್ಟ ಮೀನಿನ ಪೆಟ್ಟಿಗೆಗಳೂ ಉಂಟು. ಗಾಡಿಯನ್ನು ಸಾಲ ಮಾಡಿ ಕೊಂಡದ್ದು. ಸಾಲಪತ್ರದಲ್ಲಿ ಜಾಮೀನುದಾರನ ಸ್ಥಳದಲ್ಲಿರುವ ಸಹಿ ನಮ್ಮದು. ಕಾಯಂ ನೌಕರಿಯವನೊಬ್ಬ ಕುಟುಂಬದಲ್ಲಿದ್ದರೆ ಅವನ ಸಹಿಗೆ ಎಲ್ಲಿಲ್ಲದ ಬೇಡಿಕೆ ಬರುತ್ತದೆಂಬುದು ಅನುಭವಸ್ಥರಿಗೆ ಗೊತ್ತು.

2021ರ ಆಯುಧಪೂಜೆಗೆ ಏನಾದರೂ ಉಡುಗೊರೆ ಕೊಡಬೇಕೆನಿಸಿತು. ಹೊಸ ಗಾಡಿ, ಹೊಸ ಸಾಲ, ಹುಡುಗನಿಗೂ ಉತ್ಸಾಹ. ನಾವು ಕೊಟ್ಟದ್ದು ಒಂದು ಜೊತೆ ಮಡ್‌ಫ್ಲಾಪು. ಮನೆಯಲ್ಲಿರುವ ವಾಚಕಿಯರಿಗಾಗಿ ಹೇಳುತ್ತೇವೆ: ಚಕ್ರದ ಹಿಂದೆ ಆನೆಯ ಕಿವಿಯಂತೆ ಜೋಲಾಡುವ ಕರಿಯ ರಬ್ಬರಿನ ಹಾಳೆಯೇ ಮಡ್‌ಫ್ಲಾಪು. ಲಾರಿಗಳಲ್ಲಾದರೆ ಅದರ ಮೇಲೆ ಕಮಲವನ್ನೋ ಕೋರೆಹಲ್ಲಿನ ರಾಕ್ಷಸನನ್ನೋ ಬರೆಸಿರುತ್ತಾರೆ. ಚಕ್ರ ಎತ್ತಿ ಎಸೆಯುವ ಕೆಸರನ್ನೂ ಕಲ್ಲನ್ನೂ ತಡೆದು, ಗಾಡಿಯ ಒಡಲನ್ನೂ ಹಿಂದೆ ಬರುವ ಸ್ಕೂಟರಿನವನ ಮುಖವನ್ನೂ ಕಾಪಾಡುವುದು ಅದರ ಉದ್ಯೋಗ. ಹಿಂದಿನ ಚಕ್ರಗಳಿಗೆ ಮೊದಲೇ ಇತ್ತು. ಮುಂದಿನ ಚಕ್ರಗಳಿಗೆ ಇರಲಿಲ್ಲವೆಂದು ನಾವೇ ಮುಂದಾಗಿ ಅಂಗಡಿಗೆ ಕರೆದುಕೊಂಡು ಹೋದೆವು.

ಅಂಗಡಿಯ ಹುಡುಗ ಬಲು ಚುರುಕು. ರಬ್ಬರನ್ನು ಚಕ್ರದ ಕಮಾನಿನ ಅಂಚಿಗೆ ಒತ್ತಿಹಿಡಿದ, ಡ್ರಿಲ್ಲು ತೆಗೆದು ಬರ್ರೆಂದು ಪಕ್ಕಕ್ಕೆ ನಾಲ್ಕರಂತೆ ಎಂಟು ತೂತು ಕೊರೆದ, ಬಾಯಿಂದ ಉಫ್ ಎಂದು ಊದಿದ, ಎಂಟು ಕರಿಯ ತಿರುಪುಗಳನ್ನು ಬಿಗಿದ. ಹತ್ತು ನಿಮಿಷದಲ್ಲಿ ಕೆಲಸ ಪೂರೈಸಿತು. ಅವನ ಕೈಚಳಕ ಕಂಡು ನಾವು ಹತ್ತು ರೂಪಾಯಿ ಹೆಚ್ಚಿಗೇ ಕೊಟ್ಟೆವು. ಮನೆಗೆ ಬಂದು ನಿಂಬೆಹಣ್ಣು ಕಟ್ಟಿ, ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿ, ಪೇಡೆ ಹಂಚಿದ್ದೂ ಆಯಿತು.

ಆಮೇಲೆ ಮೂರು ಮಳೆಗಾಲ ಕಳೆದುವು. ಮುಂಬಯಿಯ ಮಳೆಗಾಲವೆಂದರೆ ವಾಚಕರಿಗೆ ವರ್ಣಿಸಬೇಕೇ? ಸಾಂತಾಕ್ರೂಸಿನ ಲೆಕ್ಕದಲ್ಲಿ ನಾಲ್ಕು ತಿಂಗಳಿಗೆ ಸರಾಸರಿ 2300 ಮಿಲಿಮೀಟರಿನ ಆಸುಪಾಸು. 2005ರ ಜುಲೈ 26ರಂದು ಒಂದೇ ದಿನದಲ್ಲಿ 944 ಮಿಲಿಮೀಟರು ಸುರಿದುದನ್ನು ಕಂಡವರು ಇಂದಿಗೂ ಮೋಡ ಕಪ್ಪಾದರೆ ಮಕ್ಕಳಿಗೆ ಫೋನು ಮಾಡುತ್ತಾರೆ. ನಮ್ಮ ಭಾವಮೈದುನನ ಗಾಡಿ ಅಂತಹ ಊರಿನ ರಸ್ತೆಯಲ್ಲಿ ರಾತ್ರಿಯೆಲ್ಲ ಓಡುತ್ತಿತ್ತು, ಹಗಲು ಖಾಡಿಯ ಬದಿಯ ಉಪ್ಪುಗಾಳಿಯಲ್ಲಿ ನಿಲ್ಲುತ್ತಿತ್ತು.

2024ರ ನವೆಂಬರಿನಲ್ಲಿ ಗಾಡಿಯನ್ನು ಫಿಟ್‌ನೆಸ್ ತಪಾಸಣೆಗೆ ಒಯ್ಯಬೇಕಾಗಿತ್ತು. ಅದಕ್ಕೆ ಮೊದಲು ತೊಳೆಸಿ ಒರೆಸಿ ನೋಡುವಾಗ ಎಡಗಡೆಯ ಫ್ಲಾಪು ಒಂದೇ ತಿರುಪಿನಲ್ಲಿ ತೂಗುತ್ತಿತ್ತು. ಉಳಿದ ತಿರುಪುಗಳನ್ನು ಬಿಗಿಮಾಡಿದರಾಯಿತೆಂದು ಅವನು ಮೆಲ್ಲಗೆ ಎಳೆದ. ಫ್ಲಾಪು ಬಂತು, ಅದರೊಂದಿಗೆ ಅಂಗೈಯಗಲದ ತಗಡೂ ಬಂತು. ಅದನ್ನು ತಗಡೆನ್ನುವುದು ಹಳೆಯ ಸಲಿಗೆಯಿಂದ, ಅಷ್ಟೆ. ಕೈಯಲ್ಲಿ ಹಿಸುಕಿದರೆ ಕಾಫಿಪುಡಿಯಂತೆ ಉದುರುತ್ತಿತ್ತು. ಬಲಗಡೆಯೂ ಅದೇ ದಾರಿ ಹಿಡಿದಿತ್ತು. ಚಕ್ರದ ಕಮಾನಿನಿಂದ ಹೊರಟ ತುಕ್ಕು, ಬಾಗಿಲಿನ ಕೆಳಗೆ ಹಾಯುವ ಪೆಟ್ಟಿಗೆಯಂತಹ ಪಟ್ಟಿಯೊಳಕ್ಕೂ ಒಂದು ಗೇಣು ನುಗ್ಗಿತ್ತು. ಹೊರಗಿನ ಬಣ್ಣ ಮಾತ್ರ ಏನೂ ಆಗದವರ ಹಾಗೆ ಮಿರಮಿರನೆ ಮಿಂಚುತ್ತಿತ್ತು. ಬೆರಳಿನಿಂದ ಒತ್ತಿದರೆ ಒಳಗೆ ಪೊಳ್ಳು.

ಟಿಂಕರಿಂಗಿನವನು ಕೊಳೆತ ಭಾಗವನ್ನೆಲ್ಲ ಕತ್ತರಿಸಿ ಹೊಸ ತಗಡು ಬೆಸೆದು ಬಣ್ಣ ಹೊಡೆದ. ಬಿಲ್ಲು 18,600 ರೂಪಾಯಿ. ಒಂಬತ್ತು ದಿನ ಗಾಡಿ ನಿಂತಿತು. ತರಕಾರಿ ಹೋಟೆಲಿನವರು ಒಂಬತ್ತು ದಿನ ಕಾಯುತ್ತಾರೆಯೇ? ಇಬ್ಬರು ಬೇರೆ ಗಾಡಿ ಗೊತ್ತುಮಾಡಿಕೊಂಡರು. ಒಬ್ಬರು ಇಂದಿಗೂ ಮರಳಿ ಬಂದಿಲ್ಲ. ಆ ತಿಂಗಳ ಕಂತು ತಪ್ಪಿತು. ಕಂತು ತಪ್ಪಿದರೆ ಫೋನು ಬರುವುದು ಜಾಮೀನುದಾರನಿಗೆ. ಕಚೇರಿಯಲ್ಲಿ, ಮೇಲಧಿಕಾರಿಗಳ ಎದುರಿನಲ್ಲೇ ನಿಂತಿದ್ದಾಗ ಆ ಫೋನು ಬಂತು. ಸಂಜೆ ನಮ್ಮ ಮನೆಯವರು ಒಂದು ಮಾತೂ ಆಡದೆ ಎರಡು ಬಳೆ ಬಿಚ್ಚಿ ಮೇಜಿನ ಮೇಲಿಟ್ಟರು. ಅವರ ತಮ್ಮನಿಗಾಗಿಯೇ ಇಟ್ಟದ್ದೆನ್ನಿ. ಆದರೂ ಆ ನಾಲ್ಕು ದಿನ ಮನೆಯಲ್ಲಿ ಪಾತ್ರೆಗಳು ಮಾತ್ರ ಸದ್ದುಮಾಡುತ್ತಿದ್ದುವು. ಮೂಲಕ್ಕೆ ಹೋದರೆ, ಎಂಟು ತೂತುಗಳಿಗೆ ಹಣ ಕೊಟ್ಟವರು ನಾವೇ ಅಲ್ಲವೇ!

ನಮ್ಮ ಸಂಘಕ್ಕೆ ಬರುವ ಹಿರಿಯರೊಬ್ಬರಿದ್ದಾರೆ. ಬಂದರಿನಲ್ಲಿ ಹಡಗು ದುರಸ್ತಿಯ ಕೆಲಸದಲ್ಲಿ ಮೂವತ್ತು ವರ್ಷ ತುಕ್ಕು ಕೆರೆದು ಬಣ್ಣ ಹೊಡೆಸಿದವರು. ಎಲ್ಲರೂ ಅವರನ್ನು ಮೇಸ್ತ್ರಿಗಳೆಂದೇ ಕರೆಯುವುದು. ಅವರಿಗೆ ಆ ತಗಡಿನ ಚೂರನ್ನು ತೋರಿಸಿದೆವು. ಕನ್ನಡಕ ಏರಿಸಿ, ತೂತಿದ್ದ ಜಾಗದ ಸುತ್ತ ಬೆರಳಾಡಿಸಿ, "ಕೊರೆದವನು ತೂತಿನ ಬಾಯಿಗೆ ಏನು ಹಚ್ಚಿದ್ದ?" ಎಂದರು.

"ಬಾಯಿಂದ ಊದಿದ್ದ," ಎಂದೆವು.

"ಹಾಗಾದರೆ ಉಗುಳನ್ನೂ ಹಚ್ಚಿದ್ದ."

ನಾವು ಓದಿದ್ದು ಇತಿಹಾಸ ತೆಗೆದುಕೊಂಡು ಬಿ. ಎ. ವಿಜ್ಞಾನವನ್ನು ಹತ್ತನೆಯ ತರಗತಿಯ ಬಾಗಿಲಲ್ಲಿ ಬಿಟ್ಟು ಬಂದವರು. ಆದರೂ ಮೇಸ್ತ್ರಿಗಳು ಹೇಳಿದುದು ಅರ್ಥವಾಯಿತು. ನಮಗೆ ಅರ್ಥವಾದ ಮೇಲೆ ಯಾರಿಗಾದರೂ ಆಗಬೇಕು. ಕಬ್ಬಿಣ ತುಕ್ಕು ಹಿಡಿಯಬೇಕಾದರೆ ನೀರೂ ಬೇಕು, ಗಾಳಿಯಲ್ಲಿರುವ ಆಮ್ಲಜನಕವೂ ಬೇಕು. ಕುದಿಸಿ ಗಾಳಿ ಕಳೆದ ನೀರಿನ ಮೇಲೆ ಎಣ್ಣೆ ಹೊಯ್ದು ಮೊಳೆಯನ್ನಿಟ್ಟರೆ ತುಕ್ಕು ಹಿಡಿಯದೆಂಬ ಪ್ರಯೋಗವನ್ನು ನಾವೂ ಶಾಲೆಯಲ್ಲಿ ನೋಡಿದ್ದೆವು. ನೀರಿನಲ್ಲಿ ಉಪ್ಪು ಬೆರೆತರೆ ಕೆಲಸ ಇನ್ನೂ ಬೇಗ. ಹೊಸ ಗಾಡಿಯ ತಗಡನ್ನು ಕಾರ್ಖಾನೆಯಲ್ಲಿ ಹಾಗೆಯೇ ಬಿಟ್ಟಿರುವುದಿಲ್ಲ. ಒಡಲನ್ನು ಇಡಿಯಾಗಿ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತು ಹಾಯಿಸಿ, ಸಂದುಗೊಂದುಗಳಿಗೂ ಅಡಿಬಣ್ಣ ಕೂರುವಂತೆ ಮಾಡಿ, ಅದರ ಮೇಲೆ ನಾವು ಕಣ್ಣಿನಿಂದ ನೋಡುವ ಬಣ್ಣ ಹಾಕುತ್ತಾರೆ. ಡ್ರಿಲ್ಲು ಈ ಪದರಗಳನ್ನೆಲ್ಲ ದಾಟಿ ಒಳಹೊಕ್ಕಾಗ ತೂತಿನ ಸುತ್ತ ಉಂಗುರದಷ್ಟು ಬರಿಯ ಉಕ್ಕು ಬಯಲಾಗುತ್ತದೆ. ಆ ತಗಡಿನ ದಪ್ಪವಾದರೂ ಎಷ್ಟು? ಒಂದು ಮಿಲಿಮೀಟರೂ ಇಲ್ಲ.

ಬಯಲಾದ ಉಕ್ಕು ಬಿಸಿಲಿಗೂ ಗಾಳಿಗೂ ತೆರೆದಿದ್ದರೆ ಒದ್ದೆಯಾದರೂ ಒಣಗುತ್ತಿತ್ತು. ಆದರೆ ಅದರ ಮೇಲೆ ರಬ್ಬರಿನ ಹಾಳೆ ಅಂಟಿ ಕೂತಿದೆ. ರಬ್ಬರಿಗೂ ತಗಡಿಗೂ ನಡುವೆ ನೀರು ಏರಿ ನಿಲ್ಲುತ್ತದೆ, ಕೆಸರು ಸೇರುತ್ತದೆ, ಕೆಸರಿನೊಳಗೆ ಉಪ್ಪು ಸೇರುತ್ತದೆ. ರಸ್ತೆ ಒಣಗಿ ವಾರವಾದರೂ ಅದರೊಳಗೆ ತೇವ ಆರುವುದಿಲ್ಲ. ಇಂತಹ ಇಕ್ಕಟ್ಟಿನಲ್ಲಿ ಇನ್ನೂ ಒಂದು ಚಮತ್ಕಾರ ನಡೆಯುತ್ತದೆಯಂತೆ. ಗಾಳಿ ಚೆನ್ನಾಗಿ ತಾಗುವ ಜಾಗಕ್ಕೂ ಗಾಳಿ ತಾಗದ ಸಂದಿಗೂ ನಡುವೆ ಸಣ್ಣ ಬ್ಯಾಟರಿಯಂತಹ ವ್ಯವಹಾರ ಏರ್ಪಟ್ಟು, ಸಂದಿಯೊಳಗಿನ ಕಬ್ಬಿಣವೇ ಕರಗತೊಡಗುತ್ತದೆ. ಕಣ್ಣಿಗೆ ಕಾಣದ ಕಡೆಯೇ ಸವೆತ ಹೆಚ್ಚು. ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಉಬ್ಬಿಕೊಳ್ಳುವುದರಿಂದ ಪಕ್ಕದ ಬಣ್ಣವನ್ನು ಎಬ್ಬಿಸುತ್ತದೆ. ಎದ್ದ ಬಣ್ಣದ ಅಡಿಗೆ ಮತ್ತೆ ನೀರು. ನಾವು ಕೊಟ್ಟ ಉಡುಗೊರೆ ಮೂರು ವರ್ಷ ಮಾಡುತ್ತಿದ್ದ ಕೆಲಸ ಇದು.

"ಹಾಗಾದರೆ ಫ್ಲಾಪೇ ಬೇಡ," ಎಂದ ನಮ್ಮ ಭಾವಮೈದುನ.

ಮೇಸ್ತ್ರಿಗಳು ಅವನನ್ನು ಗಾಡಿಯ ಬಳಿಗೆ ಕರೆದೊಯ್ದು ಬಾಗಿಲಿನ ಕೆಳಗಿನ ಪಟ್ಟಿಯನ್ನು ತೋರಿಸಿದರು. ಫ್ಲಾಪಿಲ್ಲದೆ ಓಡಿಸಿದ ಎರಡೇ ತಿಂಗಳಲ್ಲಿ ಚಕ್ರದಿಂದ ಸಿಡಿದ ಕಲ್ಲು ಹೊಸ ಬಣ್ಣದ ಮೇಲೆ ಸಿಡುಬಿನ ಕಲೆಗಳನ್ನು ಎಬ್ಬಿಸಿತ್ತು. ಒಂದೊಂದು ಕಲೆಯೂ ಮುಂದೊಂದು ದಿನದ ತುಕ್ಕು. ಹಾಕಿದರೆ ತೂತಿನಿಂದ ಕೇಡು, ಹಾಕದಿದ್ದರೆ ಕಲ್ಲಿನಿಂದ ಕೇಡು. ಹಾಕಲೇಬೇಕು, ಆದರೆ ಹಾಕುವಂತೆ ಹಾಕಬೇಕು ಎಂದು ತೀರ್ಮಾನವಾಯಿತು. 2025ರ ಏಪ್ರಿಲಿನಲ್ಲಿ, ಒಳ್ಳೆಯ ಬಿಸಿಲಿನ ದಿನ ನೋಡಿ, ಶನಿವಾರ ಬೆಳಗ್ಗೆ ಸಾಮಾನು ಮುಟ್ಟಿಸಿ ಬಂದೊಡನೆ ಆರಂಭ, ಭಾನುವಾರ ಸಂಜೆಗೆ ಮುಕ್ತಾಯ ಎಂದು ಮೇಸ್ತ್ರಿಗಳು ಗೊತ್ತುಮಾಡಿದರು.

"ಹತ್ತು ನಿಮಿಷದ ಕೆಲಸಕ್ಕೆ ಎರಡು ದಿನವೇ? ಭಾನುವಾರದ ಬಾಡಿಗೆ ಹೋಯ್ತಲ್ಲ ಮಾರಾಯ್ರೆ!" ಎಂದು ಅವನು ಕೂಗಾಡಿದ. ಅವನ ಸಂಕಟ ನಮಗೆ ತಿಳಿಯದ್ದಲ್ಲ. ತಿಂಗಳ ಸಂಬಳದವನಿಗೆ ಭಾನುವಾರ ರಜೆ. ಬಾಡಿಗೆಯ ಗಾಡಿಯವನಿಗೆ ಅದು ನಷ್ಟ. ಆದರೆ ಒಂಬತ್ತು ದಿನ ನಿಂತ ಲೆಕ್ಕವನ್ನು ನಾವು ಕಾಗದದ ಮೇಲೆ ಬರೆದು ತೋರಿಸಿದ ಮೇಲೆ ಸುಮ್ಮನಾದ. ಗುಮಾಸ್ತನ ವಿದ್ಯೆ ಒಮ್ಮೊಮ್ಮೆ ಉಪಯೋಗಕ್ಕೆ ಬರುತ್ತದೆ.

ಸುಮ್ಮನಾದರೂ ಸೋತವನಲ್ಲ. ಕೆಲಸ ಆರಂಭಿಸುವಾಗ ಮತ್ತೊಂದು ತಕರಾರು ತೆಗೆದ: "ಅಲ್ಲ ಭಾವ, ಕೊಡಚಾದ್ರಿಯ ಮೇಲೆ ಗುಡಿಯ ಎದುರು ಕಬ್ಬಿಣದ ಕಂಬ ನಿಂತಿದೆಯಲ್ಲ, ಅದಕ್ಕೆ ಯಾರು ಪ್ರೈಮರ್ ಹೊಡೆದಿದ್ದರು?" ನಮ್ಮದು ಬೈಂದೂರಿನ ಕಡೆ. ಚಿಕ್ಕಂದಿನಲ್ಲಿ ಇಬ್ಬರೂ ಆ ಬೆಟ್ಟ ಹತ್ತಿ ಆ ಕಂಬ ಮುಟ್ಟಿ ಬಂದವರೇ. ನಮ್ಮ ಘಟ್ಟದ ಮಳೆಗೆ ಹೋಲಿಸಿದರೆ ಮುಂಬಯಿಯದು ತುಂತುರು. ನಮಗೆ ಉತ್ತರ ಹೊಳೆಯಲಿಲ್ಲ. ಮೇಸ್ತ್ರಿಗಳಿಗೆ ಹೊಳೆಯಿತು. ಹಿಂದಿನವರು ಕಟ್ಟಿಗೆಯ ಇದ್ದಲಿನಲ್ಲಿ ಕಾಯಿಸಿ ಬಡಿದು ಮಾಡಿದ ಕಬ್ಬಿಣವೇ ಬೇರೆ, ಗಾಡಿಯ ತಗಡೇ ಬೇರೆ ಎಂದರು. ದಿಲ್ಲಿಯ ಮೆಹರೌಲಿಯಲ್ಲಿರುವ ಸುಮಾರು 1600 ವರ್ಷ ಹಳೆಯ ಕಂಬವನ್ನು ಕಾನ್ಪುರದ ಐ.ಐ.ಟಿ.ಯ ಪ್ರಾಧ್ಯಾಪಕ ಆರ್. ಬಾಲಸುಬ್ರಮಣ್ಯಂ ಅವರು ಪರೀಕ್ಷಿಸಿ, ಅದರ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿದ್ದು, ಅದೇ ಮೈಮೇಲೆ ತೆಳುವಾದ ರಕ್ಷೆಯ ಪೊರೆಯನ್ನು ಕಟ್ಟಿಕೊಂಡಿದೆಯೆಂದು ತೋರಿಸಿದ್ದಾರೆ. "ಕಂಬದ ಮೈ ಒಂದು ಮಿಲಿಮೀಟರು ತುಕ್ಕು ಹಿಡಿದರೂ ಅದು ಕಂಬವೇ. ನಿನ್ನ ತಗಡು ಒಂದು ಮಿಲಿಮೀಟರು ತುಕ್ಕು ಹಿಡಿದರೆ ಏನು ಉಳಿಯುತ್ತದೋ?" ಎಂದು ಮೇಸ್ತ್ರಿಗಳು ಕೇಳಿದರು. ಅವನು ಡ್ರಿಲ್ಲಿನ ವಯರನ್ನು ಬಿಚ್ಚತೊಡಗಿದ.

ಡ್ರಿಲ್ಲಿಗೂ ಮೊದಲು ಅವರು ಮಾಡಿಸಿದ್ದು ಹುಡುಕುವ ಕೆಲಸ. ಗಾಡಿ ತಯಾರಿಸಿದವರು ಯಾವುದಕ್ಕೋ ಬಿಟ್ಟ ತೂತುಗಳು, ಪ್ಲಾಸ್ಟಿಕ್ ಬಿರಡೆ ಹಾಕಿ ಮುಚ್ಚಿದ್ದು, ಚಕ್ರದ ಒಳಗಿನ ಹೊದಿಕೆಯನ್ನು ಬಿಗಿದ ತಿರುಪುಗಳು ಎಲ್ಲೆಲ್ಲಿವೆ ಎಂದು ಟಾರ್ಚು ಹಿಡಿದು ಮಲಗಿ ನೋಡಿಸಿದರು. ಪಕ್ಕಕ್ಕೆ ಎರಡು ಸಿಕ್ಕಿದುವು. ಅಂದರೆ ನಾಲ್ಕರ ಬದಲು ಹೊಸದಾಗಿ ಒಂದೊಂದೇ ಕೊರೆದರೆ ಸಾಕು, ಮೂರು ತಿರುಪಿನಲ್ಲಿ ಫ್ಲಾಪು ಗಟ್ಟಿಯಾಗಿ ನಿಲ್ಲುತ್ತದೆ. ಕೊರೆಯದೆ ಉಳಿಸಿದ ತೂತಿಗೆ ಯಾವ ಮದ್ದೂ ಬೇಡವಷ್ಟೆ. ಆದರೆ ಪಟ್ಟಿಯ ಅಡಿಯಲ್ಲಿ ನೀರು ಇಳಿದುಹೋಗಲು ಬಿಟ್ಟಿರುವ ಸಣ್ಣ ರಂಧ್ರಗಳುಂಟು. ಅವುಗಳಿಗೆ ಮಾತ್ರ ಯಾವ ಕಾರಣಕ್ಕೂ ತಿರುಪು ತುರುಕಬಾರದು, ರಬ್ಬರಿನಿಂದ ಮುಚ್ಚಲೂ ಬಾರದು. ಮುಚ್ಚಿದರೆ ಪಟ್ಟಿ ಒಳಗಿನಿಂದ ಕೊಳೆಯುತ್ತದೆ.

ಫ್ಲಾಪನ್ನು ಹಿಡಿದು, ಚಕ್ರವನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಎಲ್ಲಿಯೂ ಉಜ್ಜುವುದಿಲ್ಲವೆಂದು ನೋಡಿದ ಮೇಲೆ ಗುರುತು ಹಾಕಿದೆವು. ಹಿಂದೆ ಬ್ರೇಕಿನ ಪೈಪಾಗಲಿ ವಯರಾಗಲಿ ಇಲ್ಲವೆಂದು ಖಾತ್ರಿ ಮಾಡಿಕೊಂಡೆವು. ಗುರುತಿನ ಮೇಲೆ ಕಾಗದದ ಅಂಟುಪಟ್ಟಿ ಹಚ್ಚಿ ಕೊರೆದರೆ ಡ್ರಿಲ್ಲು ಜಾರಿ ಬಣ್ಣ ಗೀಚುವುದಿಲ್ಲ. ಕೊರೆದಾದ ಮೇಲೆ ತೂತಿನ ಅಂಚಿನ ಮುಳ್ಳುಗಳನ್ನು ಸಣ್ಣ ಅರದಿಂದ ಸವರಿ ನಯ ಮಾಡಿಸಿದರು. ಮುಳ್ಳಿನ ತುದಿಯಲ್ಲಿ ಬಣ್ಣ ನಿಲ್ಲುವುದಿಲ್ಲವಂತೆ.

ಆಮೇಲೆ ಕಬ್ಬಿಣದ ಚೂರು. ಅಂಗಡಿಯ ಹುಡುಗ ಊದಿ ಹಾರಿಸಿದ್ದು ಇವನ್ನೇ. ಕೊರೆದಾಗ ಉದುರುವ ಸಣ್ಣ ಸಣ್ಣ ಚೂರುಗಳು ಪಟ್ಟಿಯೊಳಗೆ ಬಿದ್ದು, ಮೊದಲ ಮಳೆಗೇ ತಾವು ತುಕ್ಕು ಹಿಡಿದು, ಅಕ್ಕಪಕ್ಕದ ಬಣ್ಣವನ್ನೂ ಕೆಡಿಸುತ್ತವೆ. ನಮ್ಮ ಮಗ ಹಾಳಾದ ರೇಡಿಯೋದಿಂದ ಕಿತ್ತಿಟ್ಟುಕೊಂಡಿದ್ದ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಒಳಗೆಲ್ಲ ಆಡಿಸಿದ. ಹೊರತೆಗೆದಾಗ ಅದರ ಮೇಲೆ ಮುಳ್ಳುಹಂದಿಯಂತೆ ಚೂರು ಎದ್ದು ನಿಂತಿದ್ದುವು. ಆ ಭಾನುವಾರದ ಕೆಲಸದಲ್ಲಿ ಅವನಿಗೆ ನೆನಪಿರುವುದು ಅದೊಂದೇ, ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾನೆ.

ಥಿನ್ನರಿನ ಬಟ್ಟೆಯಿಂದ ಒರೆಸಿ, ತೂತಿನ ಬಾಯಿಗೂ ಗಂಟಲಿಗೂ ಹಿಂಭಾಗಕ್ಕೂ ಸತುವಿನ ಪ್ರೈಮರು ಹಚ್ಚಬೇಕು. ಬ್ರಷ್ಷು ಹೋಗದ ಕಡೆಗೆ ಕಿವಿಗೆ ಹಾಕುವ ಹತ್ತಿಯ ಕಡ್ಡಿ. ಒಣಗಿದ ಮೇಲೆ ಇನ್ನೊಂದು ಲೇಪ, ಅದು ಒಣಗಿದ ಮೇಲೆ ಗಾಡಿಯ ಬಣ್ಣ. ಎರಡು ದಿನ ಬೇಕಾದದ್ದು ಈ ಒಣಗುವಿಕೆಗೆ. ಹಸಿಯ ಬಣ್ಣದ ಮೇಲೆ ತಿರುಪು ಬಿಗಿದರೆ ಬಣ್ಣವೆಲ್ಲ ತಿರುಪಿನೊಡನೆ ಸುತ್ತಿಕೊಂಡು ಕಿತ್ತುಬರುತ್ತದೆ, ಅಲ್ಲಿಗೆ ಹಚ್ಚಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಮಳೆಗಾಲದ ಒದ್ದೆಗಾಳಿಯಲ್ಲಿ ಈ ಕೆಲಸಕ್ಕೆ ಕೈಹಾಕಬಾರದೆಂದು ಮೇಸ್ತ್ರಿಗಳು ಬೇಸಿಗೆಯನ್ನೇ ಆರಿಸಿದ್ದರು.

ಸತುವೇ ಯಾಕೆಂದು ಕೇಳಿದೆವು. ಅದಕ್ಕೆ ಅವರು ಹಡಗಿನ ಕಥೆ ಹೇಳಿದರು. ಉಕ್ಕಿನ ಹಡಗಿನ ಹೊಟ್ಟೆಗೆ ಅಲ್ಲಲ್ಲಿ ಸತುವಿನ ಗಟ್ಟಿಗಳನ್ನು ಬಿಗಿಯುತ್ತಾರೆ. ಸಮುದ್ರದ ಉಪ್ಪುನೀರು ಉಕ್ಕನ್ನು ಬಿಟ್ಟು ಮೊದಲು ಸತುವನ್ನು ತಿನ್ನುತ್ತದೆ. ಗಟ್ಟಿ ಸವೆದಂತೆ ಬದಲಾಯಿಸಿದರಾಯಿತು. ಈ ಉಪಾಯದ ಮೂಲಪುರುಷ ಇಂಗ್ಲೆಂಡಿನ ಹಂಫ್ರಿ ಡೇವಿ. 1824ರಲ್ಲಿ ಆತ ಹಡಗುಗಳ ತಾಮ್ರದ ಹೊದಿಕೆಯನ್ನು ಸತುವು ಕಬ್ಬಿಣಗಳ ತುಂಡಿನಿಂದ ಕಾಪಾಡಿ ತೋರಿಸಿದ. ತಾಮ್ರವೇನೋ ಉಳಿಯಿತು, ಆದರೆ ಕರಗದ ತಾಮ್ರಕ್ಕೆ ಚಿಪ್ಪುಜೀವಿಗಳು ಮುತ್ತಿಕೊಂಡು ಹಡಗಿನ ಓಟ ಕುಂಠಿತವಾಯಿತಂತೆ. ನಮ್ಮ ಕಚೇರಿಯಲ್ಲಿಯೂ ಕೆಲವು ಸುಧಾರಣೆಗಳಿಗೆ ಹೀಗಾದದ್ದುಂಟು. ಇರಲಿ. ಮನೆಯ ಸತುವಿನ ತಗಡಿನ ಬಕೆಟ್ಟು ಗೀಚಿದರೂ ಬೇಗ ತುಕ್ಕು ಹಿಡಿಯದಿರುವುದು ಇದೇ ತತ್ವದಿಂದ.

ಇಷ್ಟು ಕೇಳಿದ ಮೇಲೆ ನಾವು ಮುಖ ಸಣ್ಣದು ಮಾಡಿಕೊಂಡು ಜೇಬಿನಿಂದ ಪೊಟ್ಟಣವೊಂದನ್ನು ತೆಗೆದೆವು. ಹಳೆಯ ತಪ್ಪಿಗೆ ಪ್ರಾಯಶ್ಚಿತ್ತವೆಂದು, ಕೇಳಿದಷ್ಟು ಕೊಟ್ಟು, ಸ್ಟೇನ್‌ಲೆಸ್ ಸ್ಟೀಲಿನ ತಿರುಪುಗಳನ್ನು ತಂದಿದ್ದೆವು. ಬೆಳ್ಳಿಯಂತೆ ಹೊಳೆಯುತ್ತಿದ್ದುವು. ಮೇಸ್ತ್ರಿಗಳು ಒಂದನ್ನು ಕೈಯಲ್ಲಿ ತಿರುಗಿಸಿ, "ಚೆನ್ನಾಗಿದೆ. ಈ ತಿರುಪು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ, ತಗಡು ಇರುವುದಿಲ್ಲ," ಎಂದರು. ಎರಡು ಬಗೆಯ ಲೋಹ ಒದ್ದೆಯಲ್ಲಿ ಮೈಗೆ ಮೈ ತಾಗಿದರೆ ಒಂದು ಬಾಳಿ ಇನ್ನೊಂದು ಸವೆಯುತ್ತದೆ. ಸತುವಿನ ಮುಂದೆ ಉಕ್ಕು ಬಾಳುವ ಪಕ್ಷ. ಸ್ಟೇನ್‌ಲೆಸ್ ಸ್ಟೀಲಿನ ಮುಂದೆ ಸಾದಾ ಉಕ್ಕು ಸವೆಯುವ ಪಕ್ಷ. ಬಣ್ಣ ಕಿತ್ತ ತೂತಿನ ಅಂಚಿಗೆ ಆ ಹೊಳೆಯುವ ತಿರುಪು ತಾಗಿದರೆ ಪೆಟ್ಟು ಬೀಳುವುದು ಅಂಚಿಗೆ.

ಉಪಾಯ ಅವರ ಚೀಲದಲ್ಲೇ ಇತ್ತು. ಗೋಡೆಗೆ ತಿರುಪು ಹಾಕುವಾಗ ಮೊದಲು ಪ್ಲಾಸ್ಟಿಕ್ಕಿನ ತುಂಡೊಂದನ್ನು ಹೊಡೆಯುವುದಿಲ್ಲವೇ, ಅಂತಹುದೇ ನೈಲಾನಿನ ಗೂಡು. ತೂತಿನಲ್ಲಿ ಮೊದಲು ಅದು ಕೂರುತ್ತದೆ, ತಿರುಪು ಅದನ್ನು ಕಚ್ಚಿಕೊಳ್ಳುತ್ತದೆ, ಲೋಹಕ್ಕೆ ಲೋಹ ತಾಗುವುದೇ ಇಲ್ಲ. ತಲೆಯ ಅಡಿಗೂ ನೈಲಾನಿನ ವಾಷರು. ಹೀಗೆ ಹಾಕಿದರೆ ನಮ್ಮ ಬೆಳ್ಳಿಯ ತಿರುಪುಗಳೂ ನಡೆಯುತ್ತವೆಂದು ಹೇಳಿ ನಮ್ಮ ಮಾನ ಉಳಿಸಿದರು. ಗೂಡು ಸಿಗದವರು ಸತುವಿನ ಲೇಪದ ತಿರುಪನ್ನೇ ಬಳಸಿ, ಗ್ರೀಸನ್ನೋ ತುಕ್ಕು ತಡೆಯುವ ಮೇಣವನ್ನೋ ಧಾರಾಳವಾಗಿ ಮೆತ್ತಿ ಬಿಗಿಯಬೇಕು. ಕರಿಯ ತಿರುಪುಗಳು ಮನೆಯೊಳಗಿನ ಮರಗೆಲಸಕ್ಕೆ ಇರಲಿ.

ಇನ್ನು ಭಾವಮೈದುನನ ಸರದಿ. ನೀರೇ ಹೋಗದಂತೆ ಫ್ಲಾಪಿನ ಸುತ್ತಲೂ ಮುಚ್ಚಿಬಿಡೋಣವೆಂದು ಅವನು ಸಿಲಿಕೋನಿನ ಕೊಳವೆ ತಂದಿದ್ದ. ಮೇಸ್ತ್ರಿಗಳು ಮೂಸಿ ನೋಡಿ ಬದಿಗಿಟ್ಟರು. ವಿನೆಗರಿನ ಹುಳಿ ವಾಸನೆ ಬರುವ ಸಿಲಿಕೋನು ಒಣಗುವಾಗ ಆಮ್ಲ ಬಿಡುತ್ತದೆ, ಅದು ಬರಿಯ ಉಕ್ಕಿಗೆ ಒಳ್ಳೆಯದಲ್ಲ. ಎರಡನೆಯದಾಗಿ, ಅಲುಗಾಡುವ ರಬ್ಬರಿನ ಸುತ್ತ ಎಷ್ಟು ಮೆತ್ತಿದರೂ ಮೇಲೆಲ್ಲೋ ಬಿರುಕು ಬಿಟ್ಟೇ ಬಿಡುತ್ತದೆ. ಅಲ್ಲಿ ಇಳಿದ ನೀರಿಗೆ ಕೆಳಗೆ ದಾರಿಯಿಲ್ಲದೆ ಒಳಗೇ ನಿಲ್ಲುತ್ತದೆ. ಸ್ಪಂಜಿನ ಪಟ್ಟಿ ಇಡುವುದೂ ಸಲ್ಲದು, ಅದು ನೀರು ಕುಡಿದು ಕೂರುತ್ತದೆ. ಅವರು ಮಾಡಿಸಿದ್ದು ಇದಕ್ಕೆ ತದ್ವಿರುದ್ಧ. ತಿರುಪು ಬರುವ ಕಡೆಗಳಲ್ಲಿ ಫ್ಲಾಪಿಗೂ ತಗಡಿಗೂ ನಡುವೆ ದಪ್ಪನೆಯ ನೈಲಾನ್ ವಾಷರುಗಳನ್ನಿಟ್ಟು ಎರಡು ಮೂರು ಮಿಲಿಮೀಟರು ಸಂದು ಬಿಡಿಸಿದರು. ನೀರು ಬರಲಿ, ಹೋಗಲಿ. ಪೈಪು ಹಿಡಿದರೆ ಕೆಸರೂ ತೊಳೆದುಹೋಗಲಿ. ರಬ್ಬರಿನ ಅಂಚು ಬಣ್ಣಕ್ಕೆ ಉಜ್ಜಬಹುದಾದ ಒಂದು ಕಡೆ ಮಾತ್ರ ಬಣ್ಣ ಕಾಪಾಡುವ ಪಾರದರ್ಶಕ ಹಾಳೆಯ ತುಂಡು ಅಂಟಿಸಿದರು. ಕೊನೆಗೆ ಪಟ್ಟಿಯೊಳಕ್ಕೆ, ತಿರುಪುಗಳ ಹಿಂಬದಿಗೆ, ಮೇಣದ ಸಿಂಪಡಣೆ.

ಬಲಗಡೆಯ ಹೊಸ ತೂತಿಗೆ ಪ್ರೈಮರು ಹಚ್ಚುವ ಕೆಲಸ ನಮ್ಮದಾಗಿತ್ತು. ಮೊದಲ ಲೇಪ ಹಚ್ಚಿದೆವು. ಎರಡನೆಯದರ ಹೊತ್ತಿಗೆ ಮನೆಯವರು ಪತ್ರೊಡೆ ಮಾಡಿದ್ದೇವೆಂದು ಕರೆದರು. ತಿಂದು ಬಂದು ಬಣ್ಣ ಹಚ್ಚಿದೆವು. ನಡುವೆ ಎರಡನೆಯ ಲೇಪ ಆಯಿತೋ ಇಲ್ಲವೋ ಎಂಬುದು ಆಮೇಲೆ ನೆನಪಿಗೆ ಬರಲಿಲ್ಲ. ಮೇಸ್ತ್ರಿಗಳು ಕೇಳಿದಾಗ ಆಯಿತೆಂದೆವು.

ಆ ವರ್ಷ ಮಳೆರಾಯ ಮೇ 26ಕ್ಕೇ ಮುಂಬಯಿಯ ಬಾಗಿಲು ತಟ್ಟಿದ. ಛತ್ರಿ ಹುಡುಕಲೂ ಸಮಯವಾಗಲಿಲ್ಲ. ವಾರಕ್ಕೊಮ್ಮೆ ಚಕ್ರದ ಕಮಾನಿನೊಳಗೆ ಪೈಪು ಹಿಡಿದು ತೊಳೆಯಬೇಕೆಂದೂ, ಮೀನಿನ ಬಾಡಿಗೆ ಮಾಡಿದರೆ ಅಂದೇ ತೊಳೆಯಬೇಕೆಂದೂ ಮೇಸ್ತ್ರಿಗಳ ಕಟ್ಟಪ್ಪಣೆ. ಹುಡುಗ ಗೊಣಗುತ್ತಲೇ ಪಾಲಿಸಿದ. ರಾತ್ರಿ ಜೋರು ಮಳೆ ಬಂದಾಗ ನಮಗೆ ಎಚ್ಚರವಾಗುತ್ತಿತ್ತು. ಹಿಂದೆಲ್ಲ ಅಂತಹ ಹೊತ್ತಿನಲ್ಲಿ ಅಡಿಗೆಮನೆಯ ಗೋಡೆಯ ಚಿಂತೆ ಹತ್ತುತ್ತಿತ್ತು; ಆ ವರ್ಷ ಬಲಗಡೆಯ ತೂತಿನ ಚಿಂತೆ. ಒಂದೆರಡು ಸಲ ಭಾವಮೈದುನನಿಗೆ ಹೇಳಿಬಿಡೋಣವೆಂದುಕೊಂಡದ್ದೂ ಉಂಟು. ಅವನು ಮನೆಗೆ ಬಂದಾಗ ಬೇರೆ ಮಾತು ಬಂತು.

ಮಳೆ ಹಿಂದೆಗೆದ ಮೇಲೆ, ಆಯುಧಪೂಜೆಗೆಂದು ಗಾಡಿ ತೊಳೆಯುವಾಗ, ಆರೂ ತಿರುಪು ಬಿಚ್ಚಿ ನೋಡಬೇಕೆಂದು ಮೇಸ್ತ್ರಿಗಳೇ ಬಂದು ಕುಳಿತರು. ಬಳೆಗಳು ಅಷ್ಟು ಹೊತ್ತಿಗೆ ಮನೆಗೆ ಮರಳಿದ್ದುವು. ನಮ್ಮ ಮನೆಯವರು ಅವುಗಳನ್ನು ತೊಟ್ಟೇ ಕಾಫಿ ತಂದಿಟ್ಟರು. ಎಡಗಡೆಯ ಮೂರೂ ಹೊಸದರಂತಿದ್ದುವು. ಸಂದಿನಲ್ಲಿ ಕೆಸರು ಕಟ್ಟಿರಲಿಲ್ಲ. ಬಲಗಡೆಯ ಮೊದಲ ಎರಡೂ ಹಾಗೆಯೇ. ಮೂರನೆಯದನ್ನು ಬಿಚ್ಚಿದಾಗ ತೂತಿನ ಅಂಚಿನಲ್ಲಿ ಸಾಸಿವೆಕಾಳಿನಷ್ಟು ಕಂದು ಚುಕ್ಕೆ.

ಮೇಸ್ತ್ರಿಗಳು ಕನ್ನಡಕ ಏರಿಸಿದರು. "ಈ ತೂತಿಗೆ ಪ್ರೈಮರು ಹಚ್ಚಿದವರು ಯಾರು?"

ಭಾವಮೈದುನ ನಮ್ಮ ಕಡೆ ನೋಡಿದ. ಏನೂ ಅನ್ನಲಿಲ್ಲ. ಅರವನ್ನೂ ಹತ್ತಿಯ ಕಡ್ಡಿಯನ್ನೂ ತಂದು ನಮ್ಮ ಕೈಗಿತ್ತ. ಚುಕ್ಕೆಯನ್ನು ಕೆರೆದು, ಒರೆಸಿ, ಮೊದಲ ಲೇಪ ಹಚ್ಚಿ, ಅಲ್ಲಿಯೇ ಮೋಟುಗೋಡೆಯ ಮೇಲೆ ಕುಳಿತೆವು. ಒಳಗಿನಿಂದ ಊಟಕ್ಕೆ ಎರಡು ಸಲ ಕರೆದರು. ಎರಡನೆಯ ಲೇಪವಾದ ಮೇಲೆ ಬರುತ್ತೇವೆಂದು ಹೇಳಿ ಕಳಿಸಿದೆವು.